ಸವಿತಾ ಸಾವಿನ ಬಳಿಕವೂ ಯುರೋಪಿನಲ್ಲಿ ಹಿಮ್ಮುಖ ಗಾಳಿ

2025ರ ಅಕ್ಟೋಬರ್ 30ರಂದು ಬಾಲ್ಟಿಕ್ ಸಮುದ್ರ ತೀರದ ಪುಟ್ಟ ದೇಶ ಲಾಟ್ವಿಯಾದ ಸಂಸತ್ತು ಸುಮಾರು ಹದಿಮೂರು ಗಂಟೆ ಚರ್ಚೆ ನಡೆಸಿ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯುವ 'ಇಸ್ತಾಂಬುಲ್ ಒಪ್ಪಂದ'ದಿಂದ ದೇಶ ಹೊರಗೆ ಬರಬೇಕು ಎಂಬುದೇ ಆ ಮಸೂದೆ. ಪರವಾಗಿ 56 ಮತ ಬಿದ್ದವು, ವಿರುದ್ಧ 32. ವಿಚಿತ್ರವೆಂದರೆ ಇದೇ ಒಪ್ಪಂದಕ್ಕೆ 2023ರ ನವೆಂಬರ್‌ನಲ್ಲಿ ಅಂಗೀಕಾರ ಕೊಟ್ಟದ್ದೂ ಇದೇ ಸಂಸತ್ತು. ಒಪ್ಪಂದ ಅಲ್ಲಿ ಜಾರಿಗೆ ಬಂದು ಒಂದೂವರೆ ವರ್ಷ ಕಳೆದಿತ್ತು, ಅಷ್ಟೆ. ಆಳುವ ಕೂಟದಲ್ಲಿದ್ದ ಒಂದು ಪಕ್ಷವೇ ವಿರೋಧ ಪಕ್ಷಗಳ ಜೊತೆ ಸೇರಿ ಪ್ರಧಾನಿ ಎವಿಕಾ ಸಿಲಿನಾ ಅವರಿಗೆ ಕೈಕೊಟ್ಟಿತ್ತು.

ರಾಜಧಾನಿ ರೀಗಾದಲ್ಲಿ ಸಾವಿರಾರು ಜನ ಬೀದಿಗಿಳಿದರು. ಅಧ್ಯಕ್ಷ ಎಡ್ಗಾರ್ಸ್ ರಿಂಕೆವಿಚ್ಸ್ ಮಸೂದೆಗೆ ಸಹಿ ಹಾಕದೆ ವಾಪಸ್ ಕಳುಹಿಸಿದರು. ಒಂದೇ ಅವಧಿಯಲ್ಲಿ ಒಪ್ಪುವುದು, ಬಿಡುವುದು ಎರಡನ್ನೂ ಮಾಡಿದರೆ ಜನರಿಗೆ ಏನು ಸಂದೇಶ ಹೋಗುತ್ತದೆ ಎಂಬುದು ಅವರ ಆಕ್ಷೇಪ. ಕೊನೆಗೆ ಸಂಸತ್ತು ತೀರ್ಮಾನವನ್ನು 2026ರ ನವೆಂಬರ್‌ಗೆ, ಅಂದರೆ ಚುನಾವಣೆಯ ನಂತರದ ಹೊಸ ಸಂಸತ್ತಿಗೆ ಬಿಟ್ಟಿತು.

ಲಾಟ್ವಿಯಾದ ಜನಸಂಖ್ಯೆ 20 ಲಕ್ಷವೂ ಇಲ್ಲ. ಅಲ್ಲಿಯ ಮತ ಎಣಿಕೆ ನಮಗೇಕೆ ಎಂದು ಓದುಗರು ಕೇಳಬಹುದು. ಆದರೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಯುರೋಪಿನ ಹಲವು ದೇಶಗಳಲ್ಲಿ ಇದೇ ನಾಟಕ ಬೇರೆ ಬೇರೆ ವೇಷದಲ್ಲಿ ನಡೆದಿದೆ. ಅದರಲ್ಲಿ ಒಂದು ಅಂಕಕ್ಕೆ ಬೆಳಗಾವಿಯ ಹೆಣ್ಣುಮಗಳೊಬ್ಬಳ ಜೀವ ಬಲಿಯಾಗಿದೆ. ಹಾಗಾಗಿ ಇದು ನಮಗೆ ಸಂಬಂಧವೇ ಇಲ್ಲದ ಸುದ್ದಿಯಲ್ಲ.

ಏನಿದು ಒಪ್ಪಂದ?

ಯುರೋಪ್ ಮಂಡಳಿ ರೂಪಿಸಿದ ಈ ಒಪ್ಪಂದಕ್ಕೆ ದೇಶಗಳು ಸಹಿ ಹಾಕಲು ಆರಂಭಿಸಿದ್ದು 2011ರ ಮೇ 11ರಂದು, ತುರ್ಕಿಯ ಇಸ್ತಾಂಬುಲ್ ನಗರದಲ್ಲಿ. ಆದ್ದರಿಂದ ಆ ಹೆಸರು. ಜಾರಿಗೆ ಬಂದದ್ದು 2014ರ ಆಗಸ್ಟ್ 1ರಿಂದ. ಗಂಡನ ಹೊಡೆತ ತಿಂದು ಮನೆ ಬಿಟ್ಟ ಹೆಂಗಸಿಗೆ ತಂಗಲು ಜಾಗ, ದಿನದ 24 ಗಂಟೆಯೂ ಸಿಗುವ ಸಹಾಯವಾಣಿ, ಹೊಡೆಯುವವನನ್ನು ಮನೆಯಿಂದ ಹೊರಗಿಡುವ ಆದೇಶ, ಬಲವಂತದ ಮದುವೆಗೆ ಶಿಕ್ಷೆ - ಇಂಥ ವ್ಯವಸ್ಥೆಗಳನ್ನು ಸಹಿ ಹಾಕಿದ ಸರ್ಕಾರಗಳು ಮಾಡಬೇಕು. ಮಾಡಿದ್ದಾರೋ ಇಲ್ಲವೋ ಎಂದು ಹೊರಗಿನ ತಜ್ಞರ ತಂಡ ಬಂದು ನೋಡುತ್ತದೆ.

ಯುರೋಪ್ ಮುಂದುವರಿದ ಖಂಡ, ಅಲ್ಲಿ ಇದೆಲ್ಲ ಬೇಕೇ ಎಂದು ಅನಿಸಬಹುದು. ಯುರೋಪಿಯನ್ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 42,000 ಮಹಿಳೆಯರನ್ನು ಮಾತನಾಡಿಸಿ 2014ರಲ್ಲಿ ವರದಿ ಕೊಟ್ಟಿತ್ತು. ಹದಿನೈದು ವಯಸ್ಸು ದಾಟಿದ ಮೇಲೆ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರು ಮೂವರಲ್ಲಿ ಒಬ್ಬರು ಎಂಬುದು ಅದರ ಸಾರಾಂಶ. ಮನೆಯೊಳಗಿನ ಕಷ್ಟಕ್ಕೆ ಶ್ರೀಮಂತ ದೇಶ, ಬಡ ದೇಶ ಎಂಬ ಭೇದ ಇಲ್ಲ.

ಇಷ್ಟಾದರೂ ಒಪ್ಪಂದವನ್ನು ಮೊಟ್ಟಮೊದಲು ಅಂಗೀಕರಿಸಿದ ತುರ್ಕಿಯೇ ಮೊಟ್ಟಮೊದಲು ಹೊರಬಂತು. 2021ರ ಮಾರ್ಚ್ 20ರಂದು ಅಧ್ಯಕ್ಷ ಎರ್ಡೊಗಾನ್ ಒಂದು ಆದೇಶ ಹೊರಡಿಸಿ ಒಪ್ಪಂದ ತೊರೆದರು. ಸಂಸತ್ತಿನಲ್ಲಿ ಚರ್ಚೆಯೂ ನಡೆಯಲಿಲ್ಲ. ಸ್ಲೊವಾಕಿಯಾ ಸಂಸತ್ತು 2020ರ ಫೆಬ್ರುವರಿಯಲ್ಲಿ ಒಪ್ಪಂದವನ್ನು ತಿರಸ್ಕರಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಹಂಗೇರಿಯ ಸಂಸತ್ತೂ ಬೇಡವೆಂದಿತು. ಒಪ್ಪಂದಕ್ಕೆ ಸೇರಿಯೇ ಇಲ್ಲದ ರಷ್ಯಾ 2017ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಮನೆಯಲ್ಲಿ ಹೊಡೆದು ದೊಡ್ಡ ಗಾಯ ಆಗದಿದ್ದರೆ, ಅದು ಮೊದಲ ಸಲವಾದರೆ, ಕ್ರಿಮಿನಲ್ ಅಪರಾಧವಲ್ಲ, ದಂಡ ಕಟ್ಟಿದರೆ ಸಾಕು ಎಂದು ಕಾನೂನು ತಿದ್ದಿತು.

ಒಂದು ಪದದ ಮೇಲೆ ಯುದ್ಧ

'ಹೆಂಡತಿಗೆ ಹೊಡೆಯಲು ಅವಕಾಶ ಬೇಕು' ಎಂದು ಈ ದೇಶಗಳಲ್ಲಿ ಯಾವ ನಾಯಕನೂ ವೇದಿಕೆ ಹತ್ತಿ ಹೇಳಲಿಲ್ಲ. ವಿರೋಧ ಬಂದದ್ದು ಬೇರೆ ದಾರಿಯಲ್ಲಿ. ಒಪ್ಪಂದದ ಮೂರನೇ ವಿಧಿಯಲ್ಲಿ 'ಜೆಂಡರ್' ಎಂಬ ಪದ ಇದೆ. ಗಂಡು ಹೀಗಿರಬೇಕು, ಹೆಣ್ಣು ಹೀಗಿರಬೇಕು ಎಂದು ಸಮಾಜ ಕಟ್ಟಿಕೊಟ್ಟ ಪಾತ್ರ ಎಂಬುದು ಅಲ್ಲಿ ಕೊಟ್ಟಿರುವ ಅರ್ಥ. ಅಡುಗೆಮನೆ ಹೆಂಗಸಿನದು, ಹಣದ ಲೆಕ್ಕ ಗಂಡಸಿನದು ಎಂಬುದನ್ನು ಹುಟ್ಟು ಹೇಳುವುದಿಲ್ಲ, ನಾವು ಹೇಳುತ್ತೇವೆ, ಅಷ್ಟೇ ಅದರ ತಾತ್ಪರ್ಯ.

ಬಲ್ಗೇರಿಯಾದ ಭಾಷೆಯಲ್ಲಿ ಹೆಣ್ಣು ಗಂಡು ಎಂಬ ಹುಟ್ಟಿನ ಭೇದಕ್ಕೆ ಒಂದೇ ಪದ ಇದೆ. 'ಜೆಂಡರ್' ಎಂಬುದಕ್ಕೆ ಬೇರೆ ಪದ ಇರಲಿಲ್ಲ. ಅನುವಾದದಲ್ಲಿ ಗೊಂದಲವಾಯಿತು. ಈ ಒಪ್ಪಂದ ಬಂದರೆ 'ಮೂರನೇ ಲಿಂಗ'ವನ್ನು ಕಾನೂನಿನಲ್ಲಿ ತರುತ್ತಾರೆ, ಶಾಲೆಯಲ್ಲಿ ಗಂಡುಮಕ್ಕಳಿಗೆ ಲಂಗ ತೊಡಿಸುತ್ತಾರೆ ಎಂಬಂಥ ಮಾತು ಹಬ್ಬಿತು. ಆರ್ಥಡಾಕ್ಸ್ ಚರ್ಚ್ ಮಾತ್ರವಲ್ಲ, ಅಲ್ಲಿಯ ಸೋಷಿಯಲಿಸ್ಟ್ ಪಕ್ಷವೂ ವಿರೋಧಕ್ಕೆ ನಿಂತಿತು. ಕೆಲವೇ ತಿಂಗಳಲ್ಲಿ 'ಜೆಂಡರ್' ಎಂಬುದು ಬಲ್ಗೇರಿಯಾದ ಬೀದಿಯಲ್ಲಿ ಬೈಗುಳವಾಯಿತು. 2018ರ ಜುಲೈ 27ರಂದು ಸಾಂವಿಧಾನಿಕ ನ್ಯಾಯಾಲಯ ಒಪ್ಪಂದ ದೇಶದ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಎಂಟು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ.

ಒಂದು ಭಾಷೆಯ ಮಾತು ಇನ್ನೊಂದು ಭಾಷೆಯ ಸರ್ಕಾರಿ ಕಾಗದಕ್ಕೆ ಇಳಿದಾಗ ಏನೆಲ್ಲ ಆಗುತ್ತದೆ ಎಂಬುದನ್ನು ನಮ್ಮ ಗಡಿಭಾಗದ ಓದುಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಲಯಾಳಂ ಅಥವಾ ಮರಾಠಿ ನೋಟಿಸಿನ ಒಂದು ಪದ ತಪ್ಪು ತಿಳಿದು ತಾಲೂಕು ಕಚೇರಿಗೆ ಅಲೆದವರು ನಮ್ಮಲ್ಲಿ ಎಷ್ಟೋ ಮಂದಿ. ಆದರೆ ಬಲ್ಗೇರಿಯಾದಲ್ಲಿ ನಡೆದದ್ದು ಬರೀ ಭಾಷೆಯ ತಪ್ಪಲ್ಲ. ಆ ತಪ್ಪನ್ನು ಹಿಡಿದು ಬೆಳೆಸಿದವರಿಗೆ ಅದರಿಂದ ಲಾಭ ಇತ್ತು.

ಪದದ ಜಗಳ ಪದದಲ್ಲೇ ಮುಗಿದಿದ್ದರೆ ಚಿಂತೆ ಇರಲಿಲ್ಲ. 2023ರಲ್ಲಿ ಬಲ್ಗೇರಿಯಾದ ಸ್ತಾರಾ ಜಗೋರಾ ನಗರದಲ್ಲಿ 18 ವರ್ಷದ ಯುವತಿಯ ಮೇಲೆ ಅವಳ ಹಿಂದಿನ ಗೆಳೆಯ ಕಟ್ಟರ್‌ನಿಂದ ಹಲ್ಲೆ ಮಾಡಿದ. ಸುಮಾರು 400 ಹೊಲಿಗೆ ಹಾಕಬೇಕಾಯಿತು. ನ್ಯಾಯಾಲಯ ಅದನ್ನು ಸಣ್ಣ ಗಾಯ ಎಂದು ಪರಿಗಣಿಸಿ ಆರೋಪಿಯನ್ನು ಬಿಟ್ಟಿತು. ಜುಲೈ ಕೊನೆಯಲ್ಲಿ ದೇಶದ ತುಂಬ ಜನ ಬೀದಿಗೆ ಬಂದರು. ಆಗ ಸಂಸತ್ತು ರಜೆಯ ನಡುವೆ ಸೇರಿ ಕಾನೂನು ತಿದ್ದಿತು. ಮದುವೆಯಾಗದ, ಒಂದೇ ಮನೆಯಲ್ಲಿ ಇರದ ಜೋಡಿಗಳಲ್ಲಿ ಹಿಂಸೆ ನಡೆದರೂ ರಕ್ಷಣೆ ಸಿಗುವಂತಾಯಿತು. ಆದರೆ ಅಲ್ಲೂ ಪದಗಳ ಭಯ ಬಿಡಲಿಲ್ಲ. ಸಂಬಂಧ ಗಂಡು ಹೆಣ್ಣಿನ ನಡುವೆಯೇ ಇರಬೇಕು, ಕನಿಷ್ಠ 60 ದಿನ ನಡೆದಿರಬೇಕು ಎಂಬ ಷರತ್ತು ಸೇರಿಸಿದರು. ಐವತ್ತನೇ ದಿನ ಹೊಡೆತ ತಿಂದವಳು ಏನು ಮಾಡಬೇಕು ಎಂಬುದಕ್ಕೆ ಆ ಷರತ್ತಿನಲ್ಲಿ ಉತ್ತರ ಇಲ್ಲ.

ಗಾಲ್ವೇಯಿಂದ ಪೋಲೆಂಡಿಗೆ

ಈಗ ಬೆಳಗಾವಿಯ ಮಾತಿಗೆ ಬರೋಣ. ಸವಿತಾ ಹಾಲಪ್ಪನವರ್ ಅವರನ್ನು ನಮ್ಮ ಓದುಗರು ಮರೆತಿರಲಿಕ್ಕಿಲ್ಲ. ಬೆಳಗಾವಿಯಲ್ಲಿ ದಂತವೈದ್ಯ ಓದಿ, ಗಂಡನ ಜೊತೆ ಐರ್ಲೆಂಡಿನ ಗಾಲ್ವೇ ನಗರದಲ್ಲಿ ನೆಲೆಸಿದ್ದ 31 ವರ್ಷದ ಸವಿತಾ 2012ರ ಅಕ್ಟೋಬರ್ 21ರಂದು ಬೆನ್ನುನೋವಿನಿಂದ ಆಸ್ಪತ್ರೆಗೆ ಹೋದರು. 17 ವಾರದ ಗರ್ಭ. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರಿಗೂ ಗೊತ್ತಾಗಿತ್ತು. ಹಾಗಿದ್ದರೆ ತೆಗೆದುಬಿಡಿ ಎಂದು ಸವಿತಾ ಮತ್ತು ಅವರ ಗಂಡ ಮತ್ತೆ ಮತ್ತೆ ಕೇಳಿದರು. ಭ್ರೂಣದ ಎದೆ ಇನ್ನೂ ಬಡಿಯುತ್ತಿದೆ, ಈ ದೇಶದಲ್ಲಿ ಹಾಗೆ ಮಾಡುವಂತಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂದು ತಾನು ಹೇಳಿದ್ದು ನಿಜ ಎಂದು ಅಲ್ಲಿಯ ದಾದಿಯೊಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನಂಜು ಮೈಗೆಲ್ಲ ಏರಿ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ತನಿಖಾ ವರದಿ ಎರಡು ವಿಷಯ ಹೇಳಿತು. ನಂಜು ಏರುತ್ತಿರುವುದನ್ನು ಆಸ್ಪತ್ರೆ ಹೊತ್ತಿಗೆ ಸರಿಯಾಗಿ ಗಮನಿಸಲಿಲ್ಲ ಎಂಬುದು ಒಂದು. ಕಾನೂನು ಏನನ್ನು ಬಿಡುತ್ತದೆ, ಏನನ್ನು ಬಿಡುವುದಿಲ್ಲ ಎಂಬ ಅಂಜಿಕೆ ವೈದ್ಯರ ಕೈ ಕಟ್ಟಿತು ಎಂಬುದು ಇನ್ನೊಂದು. ಗಮನಿಸಿ, ತಾಯಿಯ ಜೀವಕ್ಕೆ ಅಪಾಯ ಇದ್ದರೆ ಗರ್ಭಪಾತ ಮಾಡಬಹುದು ಎಂದು ಐರ್ಲೆಂಡಿನ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. ಆದರೆ 1983ರಲ್ಲಿ ಸಂವಿಧಾನಕ್ಕೆ ಸೇರಿಸಿದ ಎಂಟನೇ ತಿದ್ದುಪಡಿ ತಾಯಿಯ ಜೀವವನ್ನೂ ಭ್ರೂಣದ ಜೀವವನ್ನೂ ಸಮವಾಗಿ ತೂಗಿತ್ತು. ಅಪಾಯ ಎಷ್ಟಾದರೆ ಸಾಕು ಎಂದು ಅಳೆಯುವಷ್ಟರಲ್ಲಿ ರೋಗಿಯ ಕಾಲ ಮುಗಿದಿತ್ತು.

ಆ ಸಾವು ಐರ್ಲೆಂಡನ್ನು ಬದಲಿಸಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇಕಡ 66.4ರಷ್ಟು ಮತದಾರರು ಆ ತಿದ್ದುಪಡಿಯನ್ನು ಕಿತ್ತುಹಾಕಿದರು. ಬೆಳಗಾವಿಯಿಂದ ಸವಿತಾ ಅವರ ತಂದೆ, ನನ್ನ ಮಗಳನ್ನು ನೆನೆದು ಮತ ಹಾಕಿ ಎಂದು ಐರಿಷ್ ಜನರಿಗೆ ಕೇಳಿಕೊಂಡಿದ್ದರು. ಡಬ್ಲಿನ್ ನಗರದ ಗೋಡೆಯೊಂದರ ಮೇಲೆ ಬರೆದ ಸವಿತಾ ಚಿತ್ರದ ಸುತ್ತ ಜನ ಸಾಲುಗಟ್ಟಿ ನಿಂತು ಚೀಟಿಗಳನ್ನು ಅಂಟಿಸಿದರು. ಹೆಚ್ಚಿನ ಚೀಟಿಗಳಲ್ಲಿ ಇದ್ದದ್ದು ಕ್ಷಮೆ ಕೇಳುವ ಮಾತು.

ಅಲ್ಲಿಗೆ ಕಥೆ ಮುಗಿಯಿತು, ಯುರೋಪ್ ಪಾಠ ಕಲಿಯಿತು ಎಂದು ಹಲವರು ಬರೆದರು. ಪೋಲೆಂಡ್ ಅದನ್ನು ಸುಳ್ಳು ಮಾಡಿತು.

ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಕಾಲದ 1956ರ ಕಾನೂನು ಗರ್ಭಪಾತಕ್ಕೆ ಧಾರಾಳ ಅವಕಾಶ ಕೊಟ್ಟಿತ್ತು. 1993ರ ಕಾನೂನು ಅದನ್ನು ಮೂರು ಸಂದರ್ಭಕ್ಕೆ ಇಳಿಸಿತು: ತಾಯಿಯ ಜೀವಕ್ಕೆ ಅಥವಾ ಆರೋಗ್ಯಕ್ಕೆ ಅಪಾಯ, ಅತ್ಯಾಚಾರದಂಥ ಅಪರಾಧದಿಂದ ಬಂದ ಬಸಿರು, ಭ್ರೂಣದಲ್ಲಿ ಗಂಭೀರ ದೋಷ. 2016ರಲ್ಲಿ ಎಲ್ಲವನ್ನೂ ನಿಷೇಧಿಸುವ ಮಸೂದೆ ಬಂದಾಗ ಹೆಂಗಸರು ಕಪ್ಪು ಬಟ್ಟೆ ತೊಟ್ಟು, ಮಳೆಯಲ್ಲಿ ಕೊಡೆ ಹಿಡಿದು ಬೀದಿ ತುಂಬಿದರು. ಸಂಸತ್ತು ಹೆದರಿ ಮಸೂದೆ ಕೈಬಿಟ್ಟಿತು. ಸಂಸತ್ತಿನಲ್ಲಿ ಆಗದ್ದು ನಾಲ್ಕು ವರ್ಷದ ನಂತರ ನ್ಯಾಯಾಲಯದಲ್ಲಿ ಆಯಿತು. 'ಕಾನೂನು ಮತ್ತು ನ್ಯಾಯ' ಎಂಬ ಹೆಸರಿನ ಆಳುವ ಪಕ್ಷ ತನಗೆ ಬೇಕಾದವರನ್ನು ತುಂಬಿದ್ದ ಸಾಂವಿಧಾನಿಕ ನ್ಯಾಯಮಂಡಳಿ 2020ರ ಅಕ್ಟೋಬರ್ 22ರಂದು ಮೂರನೇ ಕಾರಣವನ್ನು ರದ್ದು ಮಾಡಿತು. ಒಂದು ಕಾರಣ ಹೋದರೆ ಏನಾಯಿತು ಎನ್ನಬೇಡಿ. 2019ರಲ್ಲಿ ಅಲ್ಲಿ ಕಾನೂನುಬದ್ಧವಾಗಿ ನಡೆದ 1,110 ಗರ್ಭಪಾತಗಳಲ್ಲಿ 1,074 ಇದೇ ಕಾರಣಕ್ಕೆ ನಡೆದಿದ್ದವು.

ತೀರ್ಪು 2021ರ ಜನವರಿಯಲ್ಲಿ ಜಾರಿಗೆ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಪೋಲೆಂಡಿನ ಪ್ಶ್ಚಿನಾ ಪಟ್ಟಣದ ಆಸ್ಪತ್ರೆಯಲ್ಲಿ 30 ವರ್ಷದ, 22 ವಾರದ ಗರ್ಭಿಣಿಯೊಬ್ಬಳು ನಂಜಿನಿಂದ ಸತ್ತಳು. ಭ್ರೂಣದಲ್ಲಿ ದೋಷ ಇತ್ತು, ಗರ್ಭದ ನೀರು ಹೋಗಿತ್ತು. ಭ್ರೂಣದ ಎದೆಬಡಿತ ನಿಲ್ಲಲಿ ಎಂದು ವೈದ್ಯರು ಕಾಯುತ್ತಿದ್ದಾರೆ ಎಂದು ಅವಳು ಹಾಸಿಗೆಯಿಂದ ತನ್ನ ತಾಯಿಗೆ ಫೋನಿನಲ್ಲಿ ಸಂದೇಶ ಕಳುಹಿಸಿದ್ದಳು. ಗಾಲ್ವೇಯಲ್ಲಿ ಒಂಬತ್ತು ವರ್ಷದ ಹಿಂದೆ ಆದದ್ದೇ ಇಲ್ಲೂ ಆಯಿತು. ತಾಯಿಯ ಜೀವ ಉಳಿಸಲು ಕಾನೂನಿನಲ್ಲಿ ಅವಕಾಶ ಇತ್ತಲ್ಲ, ವೈದ್ಯರದೇ ತಪ್ಪು ಎಂದು ತೀರ್ಪಿನ ಬೆಂಬಲಿಗರು ವಾದಿಸಿದರು. ಪುಸ್ತಕದಲ್ಲಿ ಅವಕಾಶ ಇದ್ದದ್ದು ನಿಜ. ಆದರೆ ನಿಯಮ ಮೀರಿ ಗರ್ಭಪಾತ ಮಾಡಿದವರಿಗೆ, ಅದಕ್ಕೆ ನೆರವಾದವರಿಗೆ ಮೂರು ವರ್ಷದವರೆಗೆ ಜೈಲು ಎಂದು ಅದೇ ದೇಶದ ಕಾನೂನು ಹೇಳುತ್ತದೆ. ಜೈಲಿನ ಭಯ ಇರುವ ವೈದ್ಯ ಮೊದಲು ವಕೀಲನಂತೆ ಯೋಚಿಸುತ್ತಾನೆ. ರೋಗಿಗೆ ಅಷ್ಟು ಹೊತ್ತು ಇರುವುದಿಲ್ಲ.

2023ರ ಅಕ್ಟೋಬರ್ ಚುನಾವಣೆಯಲ್ಲಿ ಶೇಕಡ 74ಕ್ಕೂ ಹೆಚ್ಚು ಮತದಾನವಾಗಿ ಆ ಸರ್ಕಾರ ಬಿತ್ತು. ಹೊಸ ಪ್ರಧಾನಿ ಡೊನಾಲ್ಡ್ ಟಸ್ಕ್ ಕಾನೂನು ಸಡಿಲಿಸುವ ಮಾತು ಕೊಟ್ಟಿದ್ದರು. ಆದರೆ 2024ರ ಜುಲೈ 12ರಂದು ಗರ್ಭಪಾತಕ್ಕೆ ನೆರವಾದವರ ಮೇಲಿನ ಶಿಕ್ಷೆ ತೆಗೆಯುವ ಮಸೂದೆ 215ಕ್ಕೆ 218 ಮತಗಳಿಂದ ಸೋತಿತು. ಸೋಲಿಸಿದವರಲ್ಲಿ ಆಳುವ ಕೂಟದ ಸದಸ್ಯರೂ ಇದ್ದರು. 2025ರ ಜೂನ್‌ನಲ್ಲಿ ಸಂಪ್ರದಾಯವಾದಿ ಅಭ್ಯರ್ಥಿ ಕರೋಲ್ ನವ್ರೋಟ್ಸ್ಕಿ ಅಧ್ಯಕ್ಷರಾಗಿ ಆಯ್ಕೆಯಾದ ಮೇಲೆ ಬದಲಾವಣೆಯ ದಾರಿ ಇನ್ನೂ ಕಿರಿದಾಯಿತು. ಒಂದು ತೀರ್ಪಿನಲ್ಲಿ ಹೋದದ್ದನ್ನು ವಾಪಸ್ ತರಲು ಒಂದು ಚುನಾವಣೆ ಸಾಲಲಿಲ್ಲ.

ಸ್ಪೇನಿನ ಯುವಕರ ಮುನಿಸು

ಇದು ಪೂರ್ವ ಯುರೋಪಿನ ಹಳೆಯ ಕಾಯಿಲೆ ಎಂದು ತಳ್ಳಿಹಾಕುವವರು ಸ್ಪೇನ್ ಕಡೆ ನೋಡಬೇಕು. ಮಹಿಳೆಯರ ಮೇಲಿನ ಹಿಂಸೆ ವಿರುದ್ಧ 2004ರಲ್ಲಿ ಅಲ್ಲಿಯ ಸಂಸತ್ತು ಒಂದೇ ಒಂದು ವಿರೋಧ ಮತವಿಲ್ಲದೆ ಕಾನೂನು ಮಾಡಿತು. ಅದಕ್ಕಾಗಿಯೇ ಬೇರೆ ನ್ಯಾಯಾಲಯಗಳು ಬಂದವು. 2003ರಿಂದ ಲೆಕ್ಕ ಇಡಲು ಆರಂಭಿಸಿದ ಮೇಲೆ ಗಂಡ ಅಥವಾ ಸಂಗಾತಿಯಿಂದ ಕೊಲೆಯಾದ ಹೆಂಗಸರು 1,300ಕ್ಕೂ ಹೆಚ್ಚು.

2018ರ ಮಾರ್ಚ್ 8ರಂದು ಲಕ್ಷಾಂತರ ಹೆಂಗಸರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಅದೇ ಡಿಸೆಂಬರ್‌ನಲ್ಲಿ ಆಂಡಲೂಸಿಯಾ ಪ್ರಾಂತ್ಯದ ಚುನಾವಣೆಯಲ್ಲಿ 'ವೋಕ್ಸ್' ಎಂಬ ಪಕ್ಷ 12 ಸ್ಥಾನ ಗೆದ್ದಿತು. 2004ರ ಕಾನೂನು ರದ್ದಾಗಬೇಕು ಎಂಬುದು ಆ ಪಕ್ಷದ ಬೇಡಿಕೆ. ಇಲ್ಲೂ ಪದದ ಆಟ. 'ಮಹಿಳೆ ಮೇಲಿನ ಹಿಂಸೆ' ಎನ್ನಬೇಡಿ, 'ಕುಟುಂಬದೊಳಗಿನ ಹಿಂಸೆ' ಎನ್ನಿ ಎಂಬುದು ಅವರ ವಾದ. 2023ರಲ್ಲಿ ವೆಲೆನ್ಸಿಯಾ ಪ್ರಾಂತ್ಯದ ಅಧಿಕಾರ ಹಂಚಿಕೆಯ ಕರಾರಿನಲ್ಲಿ ಈ ಪದ ಬಂದೇ ಬಂತು. ಕೇಳಲು ಅದು ನಿಷ್ಪಕ್ಷಪಾತ ಮಾತು. ಆದರೆ ಯಾರು ಯಾರಿಗೆ ಹೊಡೆಯುತ್ತಾರೆ ಎಂಬುದನ್ನು ಮುಚ್ಚಿಟ್ಟರೆ ಯಾರಿಗೆ ರಕ್ಷಣೆ ಬೇಕು ಎಂಬುದೂ ಮುಚ್ಚಿಹೋಗುತ್ತದೆ.

2024ರ ಜನವರಿಯಲ್ಲಿ ಸರ್ಕಾರಿ ಸಮೀಕ್ಷಾ ಸಂಸ್ಥೆಯೊಂದು ಪ್ರಕಟಿಸಿದ ಅಂಕಿ ದೇಶವನ್ನೇ ಬೆಚ್ಚಿಬೀಳಿಸಿತು. ಸಮಾನತೆಯ ಹೆಸರಿನಲ್ಲಿ ಈಗ ಗಂಡಸರಿಗೇ ಅನ್ಯಾಯವಾಗುತ್ತಿದೆ ಎಂದು ಶೇಕಡ 44ರಷ್ಟು ಪುರುಷರು ಒಪ್ಪಿದ್ದರು. ಹೀಗೆ ಹೇಳಿದವರಲ್ಲಿ ಹಳೆಯ ತಲೆಮಾರಿನವರಷ್ಟೇ ಅಲ್ಲ, ಯುವಕರೂ ದೊಡ್ಡ ಸಂಖ್ಯೆಯಲ್ಲಿದ್ದರು.

ಸಿಟ್ಟಿನ ಬೇರು ಎಲ್ಲಿದೆ?

ಮೂರ್ನಾಲ್ಕು ಕಾರಣ ಒಟ್ಟಿಗೆ ಕೆಲಸ ಮಾಡಿವೆ. ಚರ್ಚ್ ಮೊದಲನೆಯದು. 1995ರ ಬೀಜಿಂಗ್ ಮಹಿಳಾ ಸಮ್ಮೇಳನದಲ್ಲೇ ವ್ಯಾಟಿಕನ್ 'ಜೆಂಡರ್' ಪದಕ್ಕೆ ಆಕ್ಷೇಪ ಎತ್ತಿತ್ತು. ಆಗ ಪಾದ್ರಿಗಳ ವಾದವಾಗಿದ್ದದ್ದು ಮುಂದೆ ರಾಜಕಾರಣಿಗಳ ಘೋಷಣೆಯಾಯಿತು.

ಎರಡನೆಯದು ಊರು ಖಾಲಿಯಾಗುವ ಭಯ. ಲಾಟ್ವಿಯಾದಲ್ಲಿ 1990ರಲ್ಲಿ 26 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಬಲ್ಗೇರಿಯಾದಲ್ಲಿ 1980ರ ದಶಕದ ಕೊನೆಗೆ 90 ಲಕ್ಷದ ಹತ್ತಿರ ಇದ್ದದ್ದು 2021ರ ಗಣತಿಯಲ್ಲಿ 65 ಲಕ್ಷಕ್ಕೆ ಇಳಿದಿತ್ತು. ಹುಡುಗ ಹುಡುಗಿಯರು ಜರ್ಮನಿ, ಬ್ರಿಟನ್, ಐರ್ಲೆಂಡ್ ಸೇರಿದರು. ಹಳ್ಳಿಗಳಲ್ಲಿ ಮುದುಕರು ಉಳಿದರು, ಶಾಲೆಗೆ ಬೀಗ ಬಿತ್ತು. ಇಂಥ ಊರಿನಲ್ಲಿ ನಿಂತು 'ಕುಟುಂಬ ಉಳಿಸಿ' ಎಂದರೆ ಜನ ಕಿವಿಗೊಡದೆ ಇರುತ್ತಾರೆಯೇ? ಹಂಗೇರಿಯ ವಿಕ್ಟರ್ ಓರ್ಬಾನ್ ಸರ್ಕಾರ ನಾಲ್ಕು ಮಕ್ಕಳ ತಾಯಿಗೆ ಆದಾಯ ತೆರಿಗೆ ಮನ್ನಾ ಮಾಡಿತು. ಅದೇ ಸರ್ಕಾರ 2018ರಲ್ಲಿ ವಿಶ್ವವಿದ್ಯಾಲಯಗಳ ಜೆಂಡರ್ ಅಧ್ಯಯನ ಪದವಿಯನ್ನು ಪಟ್ಟಿಯಿಂದ ತೆಗೆಯಿತು. ಆದರೆ ಕಾನೂನಿನ ಬಿಗಿಯಿಂದ ತೊಟ್ಟಿಲು ತುಂಬುವುದಿಲ್ಲ. ತೀರ್ಪು ಬಂದ 2020ರಲ್ಲಿ ಪೋಲೆಂಡಿನಲ್ಲಿ 3.55 ಲಕ್ಷ ಮಕ್ಕಳು ಹುಟ್ಟಿದ್ದರು. 2024ರಲ್ಲಿ ಹುಟ್ಟಿದ್ದು 2.52 ಲಕ್ಷ.

ಮೂರನೆಯದು ದುಡಿಮೆ. ಕಾರ್ಖಾನೆಯ ಖಾಯಂ ಕೆಲಸ, ಮನೆ, ಮದುವೆ ಎಂಬ ಹಳೆಯ ದಾರಿ ಯುವಕರಿಗೆ ಮುಚ್ಚಿದೆ. ಓದಿನಲ್ಲಿ ಹುಡುಗಿಯರು ಮುಂದೆ ಹೋಗಿದ್ದಾರೆ. ನಿನ್ನ ಕೆಲಸ ಕಿತ್ತದ್ದು ಅವಳು ಎಂದು ಹೇಳುವವರು ಫೋನಿನಲ್ಲಿ ದಿನವೂ ಸಿಗುತ್ತಾರೆ. ಬಾಡಿಗೆ ಏರಿಸಿದವನು, ಕಾರ್ಖಾನೆ ಮುಚ್ಚಿದವನು ಕಣ್ಣಿಗೆ ಕಾಣುವುದಿಲ್ಲ. ಪಕ್ಕದ ಮನೆಯ ಹುಡುಗಿ ಕಾಣುತ್ತಾಳೆ.

ಕಾನೂನು ಮಾಡುವವರ ತಪ್ಪೂ ಇದೆ ಎಂಬುದನ್ನು ಹೇಳದಿದ್ದರೆ ನ್ಯಾಯವಲ್ಲ. ಸ್ಪೇನ್ 2022ರಲ್ಲಿ ತಂದ ಒಪ್ಪಿಗೆ ಆಧಾರದ ಅತ್ಯಾಚಾರ ಕಾನೂನಿನಲ್ಲಿ ಶಿಕ್ಷೆಯ ಲೆಕ್ಕ ಸರಿಯಾಗಿ ನೋಡಲಿಲ್ಲ. ಸಾವಿರಕ್ಕೂ ಹೆಚ್ಚು ಅಪರಾಧಿಗಳ ಶಿಕ್ಷೆ ಇಳಿಯಿತು. 2023ರಲ್ಲಿ ಗಡಿಬಿಡಿಯಲ್ಲಿ ತಿದ್ದಬೇಕಾಯಿತು. ಸ್ಟ್ರಾಸ್‌ಬರ್ಗ್‌ನಲ್ಲಿ ಕುಳಿತವರು ಬರೆದ ಕಾಗದವನ್ನು ಹಳ್ಳಿಯ ಹೆಂಗಸಿನ ಭಾಷೆಯಲ್ಲಿ ವಿವರಿಸುವ ಶ್ರಮವನ್ನೂ ಎಷ್ಟೋ ಕಡೆ ಯಾರೂ ಪಡಲಿಲ್ಲ. ಆ ಖಾಲಿ ಜಾಗಕ್ಕೆ ವದಂತಿ ಬಂದು ಕುಳಿತಿತು. ಈ ಒಪ್ಪಂದ ಬೇಡ ಎಂದವರಲ್ಲಿ ಹೆಂಗಸರೂ ಸಾಕಷ್ಟು ಇದ್ದಾರೆ. ಅವರೆಲ್ಲರೂ ಗಂಡಸರ ಕೈಗೊಂಬೆಗಳು ಎನ್ನುವುದು ಅವರಿಗೆ ಮಾಡುವ ಅವಮಾನ.

ಎಲ್ಲ ಕಡೆ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿಲ್ಲ ಎಂಬುದೂ ನಿಜ. ಯುರೋಪಿಯನ್ ಒಕ್ಕೂಟ ಇಡಿಯಾಗಿ 2023ರಲ್ಲಿ ಇಸ್ತಾಂಬುಲ್ ಒಪ್ಪಂದಕ್ಕೆ ಸೇರಿತು. ಗರ್ಭಪಾತದ ಸ್ವಾತಂತ್ರ್ಯವನ್ನು ಫ್ರಾನ್ಸ್ 2024ರ ಮಾರ್ಚ್ 4ರಂದು 780ಕ್ಕೆ 72 ಮತಗಳಿಂದ ಸಂವಿಧಾನದಲ್ಲೇ ಬರೆಯಿತು. ನಾಳೆ ಬರುವ ಸರ್ಕಾರ ಸುಲಭವಾಗಿ ಕೀಳಬಾರದು ಎಂಬುದೇ ಅದರ ಹಿಂದಿನ ಯೋಚನೆ. ಪಡೆದ ಹಕ್ಕು ತಾನಾಗಿ ಉಳಿಯುವುದಿಲ್ಲ ಎಂಬುದು ಅಲ್ಲಿಯವರಿಗೆ ಅರ್ಥವಾಗಿದೆ.

ನಮ್ಮವರು ತಿಳಿಯಬೇಕಾದದ್ದು

ಕೇರಳದಿಂದ ಐರ್ಲೆಂಡಿಗೆ ನರ್ಸ್ ಕೆಲಸಕ್ಕೆ ಹೋದ ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದು. ಓದಲು, ದುಡಿಯಲು ಯುರೋಪಿನ ಬೇರೆ ದೇಶಗಳಿಗೆ ಹೋಗುವವರೂ ಹೆಚ್ಚುತ್ತಿದ್ದಾರೆ. ವೀಸಾ, ಸಂಬಳ, ಚಳಿಯ ಬಗ್ಗೆ ಮನೆಯವರು ವಿಚಾರಿಸುತ್ತಾರೆ. ಬಸಿರಿನಲ್ಲಿ ತೊಂದರೆಯಾದರೆ ಆ ದೇಶದ ಕಾನೂನು ಏನು ಹೇಳುತ್ತದೆ, ಮನೆಯಲ್ಲಿ ಹೊಡೆತ ಬಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಕೇಳಿ ತಿಳಿಯಬೇಕು. ದೇಶ ಶ್ರೀಮಂತವಾದ ಮಾತ್ರಕ್ಕೆ ಕಾನೂನು ಉದಾರವಾಗಿರುತ್ತದೆ ಎಂದು ನಂಬುವಂತಿಲ್ಲ. ಸವಿತಾ ಕೇಳಿದ ಚಿಕಿತ್ಸೆಗೆ ಭಾರತದ ಕಾನೂನು 1971ರಲ್ಲೇ ಅವಕಾಶ ಕೊಟ್ಟಿತ್ತು. ಬೆಳಗಾವಿಯಲ್ಲಿ ಸಿಗಬಹುದಾಗಿದ್ದದ್ದು ಗಾಲ್ವೇಯಲ್ಲಿ ಸಿಗಲಿಲ್ಲ.

ಲಾಟ್ವಿಯಾದ ಹೊಸ ಸಂಸತ್ತಿನ ಮುಂದೆ ಈ ವಿಷಯ ಬಂದಾಗ ಅಲ್ಲಿಯೂ 'ಜೆಂಡರ್' ಪದದ ಬಗ್ಗೆಯೇ ಭಾಷಣಗಳಾಗಬಹುದು. ಕೇಳಬೇಕಾದ ಪ್ರಶ್ನೆ ಬೇರೆ. ರಾತ್ರಿ ಹನ್ನೆರಡಕ್ಕೆ ಮಗುವನ್ನೆತ್ತಿಕೊಂಡು ಮನೆಯಿಂದ ಹೊರಬಿದ್ದ ಹೆಂಗಸಿಗೆ ಫೋನ್ ಎತ್ತುವವರು ಇದ್ದಾರೆಯೇ, ಬಾಗಿಲು ತೆರೆಯುವವರು ಇದ್ದಾರೆಯೇ? ಒಪ್ಪಂದದಲ್ಲಿ ಇದ್ದರೂ ಹೊರಗೆ ಬಂದರೂ ಆ ಸಂಸತ್ತು ಉತ್ತರ ಕೊಡಬೇಕಾದದ್ದು ಅವಳಿಗೆ.